ಚಹ ಬಿಟ್ಟ ಹಮಾಲ

ತುರ್ಭೆ ಮಾರುಕಟ್ಟೆಯ ಹಮಾಲರಲ್ಲಿ ಚಹ ಕುಡಿಯದವನು ಅಂತ ಇದ್ದರೆ ಅವನು ನಮ್ಮ ಸೈದಪ್ಪ ಒಬ್ಬನೇ. ಕಲಬುರಗಿ ಕಡೆಯವನು, ಐವತ್ತು ದಾಟಿದರೂ ಮೂಟೆ ಹೊತ್ತು ಹಾಡುತ್ತ ನಡೆಯುವ ಆಸಾಮಿ. ಬಾಯಿ ತಪ್ಪಿ ಒಂದು ಸುಳ್ಳು ಬಂತೋ, ಯಾರಿಗಾದರೂ ಬೈದನೋ, ಮುಗಿಯಿತು, ತಿನ್ನುವ ಪದಾರ್ಥ ಒಂದನ್ನು ಬಿಟ್ಟುಬಿಡುತ್ತಿದ್ದ. ಊರಲ್ಲಿ ಅವನ ಅವ್ವ ದೇವಿಗೆ ಹರಕೆ ಹೊತ್ತು ಬದನೆಕಾಯಿ ಬಿಟ್ಟಿದ್ದಳು. ಮಗ ಇಲ್ಲಿಗೆ ಬಂದು ಯೇಸುವನ್ನು ನಂಬಿದ, ಕನ್ನಡ ಪ್ರಾರ್ಥನಾಕೂಟ ಸೇರಿದ, ದೀಕ್ಷಾಸ್ನಾನವನ್ನೂ ಮಾಡಿಸಿಕೊಂಡ. ಅವ್ವನ ಚಾಳಿ ಮಾತ್ರ ಆ ನೀರಿನಲ್ಲಿ ಹೋಗಲಿಲ್ಲ; ಅವನೂ ಮೊದಲು ಬಿಟ್ಟದ್ದು ಬದನೆಕಾಯಿಯನ್ನೇ.

ಮಂಗಳೂರು ಕಡೆಯ ಪಾಸ್ಟರ್ ಕುಶಲರು ಹೇಳಿ ಹೇಳಿ ಸುಸ್ತಾಗಿದ್ದರು. "ಸೈದಪ್ಪನವರೇ, ನಮ್ಮ ಪಾಪಕ್ಕೆ ಬಲಿ ಒಂದೇ ಸಲ ಆಗಿದೆ ಮಾರಾಯ್ರೆ. ದೇವರ ಕುರಿಮರಿ ಶಿಲುಬೆಯ ಮೇಲೆ ಪ್ರಾಣ ಕೊಟ್ಟಾಯ್ತು. ಇನ್ನು ನಿಮ್ಮ ಬದನೆಕಾಯಿ ಯಾರಿಗೆ ಬೇಕು?"

ಸೈದಪ್ಪ ಎಲ್ಲರಿಗಿಂತ ಜೋರಾಗಿ ಆಮೆನ್ ಅಂದ. ಮನೆಗೆ ಬರುವಾಗ ರಿಕ್ಷಾದವನ ಜೊತೆ ಜಗಳವಾಡಿದ. ಬಂದವನೇ ಬಾಳೆಹಣ್ಣು ಬಿಟ್ಟ.

"ಏನ್ರೀ," ಅಂದಳು ಹೆಂಡತಿ ಚಂದ್ರಬಾಯಿ, "ಇನ್ನ ಉಪ್ಪು, ನೀರು ಎರಡೇ ಉಳದಾವ. ಅವನ್ನೂ ಬಿಡ್ರಿ, ನಂಗ ಅಡಗಿ ಮಾಡೋ ಕಾಟ ತಪ್ತದ."

ಆದರೆ ಚಹದ ಸಂಗತಿ ನಗುವಂಥದ್ದಲ್ಲ. ಏಳು ವರ್ಷದ ಹಿಂದೆ ಅವನೂ ಜೊತೆಯ ಹಮಾಲ ಯಂಕಪ್ಪನೂ ಲಾರಿಯಿಂದ ಎಣ್ಣೆಯ ಡ್ರಮ್ ಇಳಿಸುತ್ತಿದ್ದರು. ಕೆಳಗೆ ಚಹ ಬಂತೆಂದು ಯಾರೋ ಕೂಗಿದರು. ಸೈದಪ್ಪ ಅತ್ತ ತಿರುಗಿದ, ಕೈ ಸಡಿಲಾಯಿತು. ಡ್ರಮ್ ಯಂಕಪ್ಪನ ಕಾಲ ಮೇಲೆ ಬಿತ್ತು. ಹಮಾಲರ ಮೇಸ್ತ್ರಿ ಮುಕಾದಮ ಬಂದು ಕೇಳಿದಾಗ ಸೈದಪ್ಪ ಹೆದರಿ, "ಅವ ಕುಡ್ದು ಬಂದಿದ್ದ" ಅಂದುಬಿಟ್ಟ. ಯಂಕಪ್ಪನ ಕಾಲೂ ಊನವಾಯಿತು, ಕೆಲಸವೂ ಹೋಯಿತು. ಸೈದಪ್ಪ ಅವತ್ತೇ ಚಹ ಬಿಟ್ಟ.

ಮೊನ್ನೆ ಭಾನುವಾರ ಪಾಸ್ಟರು ನ್ಯಾಯತೀರ್ಪಿನ ದಿನದ ಬಗ್ಗೆ ಹೇಳಿದರು. ಸತ್ತವರೆಲ್ಲ ಎದ್ದು ಸಿಂಹಾಸನದ ಮುಂದೆ ನಿಲ್ಲುತ್ತಾರೆ, ಪುಸ್ತಕಗಳು ತೆರೆಯುತ್ತವೆ, ಮುಚ್ಚಿಟ್ಟದ್ದೆಲ್ಲ ಬಯಲಾಗುತ್ತದೆ. ಆ ಗುಂಪಿನಲ್ಲಿ ಕುಂಟುತ್ತ ಮುಂದೆ ಬರುವ ಯಂಕಪ್ಪ ಸೈದಪ್ಪನ ಕಣ್ಣಿಗೆ ಕಟ್ಟಿದ. ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಹೇಳಿಕೊಂಡ. ಮಟನ್ ಬಿಡುತ್ತೇನೆ ಅಂತಲೂ ಅಂದ.

ಚಂದ್ರಬಾಯಿ ಸೌಟು ಕೆಳಗಿಟ್ಟಳು. "ನೀವು ಚಾ ಬಿಟ್ರ ಅವನ ಕಾಲು ನೆಟ್ಟಗಾಯ್ತೇನ್ರೀ? ಎಲ್ಲಾನೂ ಬಿಟ್ರಿ, ಆ ಸುಳ್ಳೊಂದನ್ನ ಬಿಡಲಿಲ್ಲ. ಹೋಗ್ರಿ, ಅವನ ಮುಂದ ಹೇಳ್ರಿ."

ಯಂಕಪ್ಪ ಈಗ ಹತ್ತಿರದ ಕೋಪರಖೈರಣೆಯಲ್ಲಿ ಗಾಡಿ ಇಟ್ಟುಕೊಂಡಿದ್ದ. ಎಂಥ ಗಾಡಿ ಅಂತೀರಿ? ಚಹದ ಗಾಡಿ! ಸೈದಪ್ಪ ಮೂರು ಸಲ ಅದರ ಮುಂದಿನಿಂದ ಹಾದುಹೋದ. ನಾಲ್ಕನೇ ಸಲ ನಿಂತ.

"ಯಂಕಪ್ಪ, ಅವತ್ತು ಕೈ ಬಿಟ್ಟಿದ್ದು ನಾನು. ನೀ ಕುಡ್ದಿರ್ಲಿಲ್ಲ. ನಾನು ಸುಳ್ಳು ಹೇಳ್ದೆ. ಮುಕಾದಮನ ಮುಂದೂ ಹೇಳ್ತೀನಿ."

ಯಂಕಪ್ಪ ಕೆಟಲ್ ಕೆಳಗಿಡಲಿಲ್ಲ. "ನಂಗೊತ್ತದ. ನಿನ್ನ ಕೈ ನಾ ನೋಡೀನಿ. ಇವತ್ತು ಬರ್ತಿ, ನಾಳೆ ಬರ್ತಿ ಅಂತ ಏಳು ವರ್ಷ ಕಾದೆ."

ಸೈದಪ್ಪ ಬೀದಿಯಲ್ಲೇ ಅತ್ತುಬಿಟ್ಟ. "ಕಡೇ ದಿನ ದೇವರು ಕೇಳ್ತಾನ. ನೀ ಏನ್ ಹೇಳ್ತಿ?"

"ಆ ದಿನ ಬಂದಾಗ ನೋಡೋಣ. ಕಾಲಂತೂ ಇವತ್ತೂ ನೋಯ್ತದ." ಯಂಕಪ್ಪ ಗಾಡಿಯ ಪಕ್ಕದಲ್ಲಿದ್ದ ನೀರಿನ ಡ್ರಮ್ ತೋರಿಸಿದ. "ಇದನ್ನ ಆ ಕಟ್ಟಿ ಮ್ಯಾಲ ಇಡಬೇಕು, ಒಬ್ಬನ ಕೈಲಿ ಆಗಲ್ಲ. ಬಾ, ಒಂದು ಬದಿ ಹಿಡಿ."

ಸೈದಪ್ಪ ಕಣ್ಣೊರೆಸಿಕೊಂಡು ಎರಡೂ ಕೈ ಚಾಚಿದ.

"ತಡಿ," ಅಂದ ಯಂಕಪ್ಪ, ಲೋಟ ತುಂಬಿಸಿ ಅವನ ಕೈಗೆ ಕೊಟ್ಟು. "ಮೊದ್ಲು ಚಾ ಕುಡಿ. ಆಮ್ಯಾಲ ಹಿಡಿ."