ಅವನು ಕಲಿಸಿದ ಇಂಗ್ಲಿಷ್ ಶಬ್ದ

ನಾನು ಕಲಿತ ಮೊದಲ ಇಂಗ್ಲಿಷ್ ಶಬ್ದವನ್ನು ಯಾವ ಮಾಸ್ತರರೂ ಕಲಿಸಲಿಲ್ಲ. ನನ್ನನ್ನು ನೋಡಲು ಬಂದ ವರ ಕಲಿಸಿದ. ಅದನ್ನು ಹದಿನಾರು ವರ್ಷ ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಿದ್ದು ಅವನಿಗೇ ತಿರುಗಿ ಕೊಟ್ಟೆ.

ಕಂಪ್ಲಿಯಲ್ಲಿ ನಮ್ಮಪ್ಪನದು ಅಕ್ಕಿ ಅಂಗಡಿ. ನನಗೆ ಆರು ವರ್ಷವಿದ್ದಾಗ ಸಿಡುಬು ಬಂತು. ಜೀವ ಉಳಿಯಿತು, ಮುಖದ ತುಂಬ ಕುಳಿ ಬಿತ್ತು. ಆದರೆ ನಮ್ಮ ಮನೆಯಲ್ಲಿ ಯಾರೂ ಅದನ್ನು ಕುಳಿ ಅನ್ನುತ್ತಿರಲಿಲ್ಲ. ಸಿಡುಬಿನ ದೇವಿ, ಆ ಅಮ್ಮ ಆಡಿ ಹೋದ ಗುರುತು ಅನ್ನುತ್ತಿದ್ದರು. ಹಾಗನ್ನುವಾಗ ಅಜ್ಜಿ ಕೈ ಮುಗಿಯುತ್ತಿದ್ದಳು. ಹೀಗಾಗಿ ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಹದಿನಾಲ್ಕು ತುಂಬುವವರೆಗೂ ನನ್ನ ಮುಖ ಕೆಟ್ಟದ್ದೆಂದು ನನಗೆ ಗೊತ್ತೇ ಇರಲಿಲ್ಲ.

ವರ ಮೆಟ್ರಿಕ್ ಮುಗಿಸಿ ಬಳ್ಳಾರಿಯ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ನೋಡಲು ಬಂದವರ ಎದುರು ಹೆಣ್ಣನ್ನು ಎಲ್ಲಿ ಕೂರಿಸಬೇಕೆಂಬುದು ನಮ್ಮ ಕಡೆಯ ಹೆಂಗಸರಿಗೆ ದೊಡ್ಡ ವಿದ್ಯೆ. ಅವ್ವ ನನ್ನನ್ನು ಕಿಟಕಿಗೆ ಬೆನ್ನು ಮಾಡಿ ಕೂರಿಸಿದಳು. ಬೆಳಕು ಹಿಂದಿನಿಂದ ಬಂದರೆ ಮುಖ ನುಣ್ಣಗೆ ಕಾಣುತ್ತದಂತೆ. ಉಪ್ಪಿಟ್ಟು ಮುಗಿಯಿತು. ನಡೆದು ತೋರಿಸಿದೆ, ಸೂಜಿಗೆ ದಾರ ಪೋಣಿಸಿ ತೋರಿಸಿದೆ. ವರನ ತಾಯಿ ಆಗಲೇ ನಮ್ಮವ್ವನನ್ನು ಬೀಗತಿ ಅನ್ನತೊಡಗಿದ್ದಳು. ಆಗ ಅವನು ಬಾಯಿ ಬಿಟ್ಟ.

“ಸ್ವಲ್ಪ ಕಿಟಕಿ ಕಡೆ ಮುಖ ಮಾಡಾಕ ಹೇಳ್ರಿ.”

ತಿರುಗಿದೆ. ಬಿಸಿಲು ನೇರ ಮುಖಕ್ಕೆ ಹೊಡೆಯಿತು. ಅವನು ಪಕ್ಕದಲ್ಲಿದ್ದ ತನ್ನ ಭಾವನಿಗೆ ಒಂದೇ ಒಂದು ಶಬ್ದ ಹೇಳಿದ: “ಪಾಕ್‌ಮಾರ್ಕ್ಡ್.” ಭಾವ ನಕ್ಕ. ನನಗೆ ಅರ್ಥವಾಗಲಿಲ್ಲ, ಆದರೂ ಕೈ ತಾನಾಗಿಯೇ ಕೆನ್ನೆಗೆ ಹೋಯಿತು.

ಅವರು ಎದ್ದು ಹೋದವರು ಮತ್ತೆ ಸುದ್ದಿ ಕಳಿಸಲಿಲ್ಲ. ಆಮೇಲೆ ಬಂದ ಇಬ್ಬರೂ ಒಪ್ಪಲಿಲ್ಲ. “ಓದಲಿ ಬಿಡು, ಹೆಂಗೂ ಮನ್ಯಾಗ ಕುಂದ್ರಾಕಿ,” ಎಂದು ಅಪ್ಪ ನನ್ನನ್ನು ಮತ್ತೆ ಶಾಲೆಗೆ ಹಾಕಿದ, ಮುಂದೆ ಬಳ್ಳಾರಿಯಲ್ಲಿ ಶಿಕ್ಷಕಿಯರ ತರಬೇತಿಗೂ ಕಳಿಸಿದ.

ಅಲ್ಲಿ ದೊಡ್ಡದೊಂದು ನಿಘಂಟು ಇತ್ತು. ನಾನು ಮೊದಲು ಹುಡುಕಿದ್ದು ಆ ಶಬ್ದವನ್ನೇ. ಮುಖದ ಮೇಲೆ ಸಿಡುಬಿನ ಕಲೆಯುಳ್ಳ, ಎಂದು ಅರ್ಥ ಕೊಟ್ಟಿತ್ತು. ಗುಂಡೇಟು ಬಿದ್ದ ಗೋಡೆಗೂ ಹಾಗೇ ಅನ್ನಬಹುದಂತೆ. ಗೋಡೆಗೂ ಅದೇ ಶಬ್ದ, ನನಗೂ ಅದೇ! ನಮ್ಮಜ್ಜಿ ಕೈ ಮುಗಿಯುತ್ತಿದ್ದ ಗುರುತು ಅದು. ಆ ಶಬ್ದದಲ್ಲಿ ಅಮ್ಮನೂ ಇರಲಿಲ್ಲ, ಅಜ್ಜಿಯೂ ಇರಲಿಲ್ಲ. ಅವನ ಮೇಲೆ ನನಗೆ ಹುಟ್ಟಿದ ಸಿಟ್ಟು ಅವತ್ತಿನದು. ಹಾವು ಹನ್ನೆರಡು ವರ್ಷ ಸೇಡಿಟ್ಟುಕೊಳ್ಳುತ್ತದೆ ಅನ್ನುತ್ತಾರೆ. ಆ ಶಬ್ದ ಕಿವಿಗೆ ಬಿದ್ದ ದಿನದಿಂದ ಲೆಕ್ಕ ಹಾಕಿದರೆ ನಾನು ಹಾವಿಗಿಂತ ನಾಲ್ಕು ವರ್ಷ ಹೆಚ್ಚು ಕಾದೆ.

ಮುಂದೆ ಹೊಸಪೇಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಟೀಚರಾದೆ. ಹೊಸ ಮಕ್ಕಳನ್ನು ಸೇರಿಸಿಕೊಳ್ಳುವ ರಿಜಿಸ್ಟರು ನನ್ನ ಕೈಯಲ್ಲಿತ್ತು. ಒಂದು ಬೆಳಿಗ್ಗೆ ಅವನೇ ಬಂದ. ಕೂದಲು ಉದುರಿತ್ತು, ದನಿ ಮಾತ್ರ ಅದೇ. ಈ ಊರಿಗೆ ವರ್ಗವಾಗಿತ್ತಂತೆ, ಮಗಳನ್ನು ಸೇರಿಸಬೇಕಿತ್ತಂತೆ. ನನ್ನ ಗುರುತು ಅವನಿಗೆ ಹತ್ತಲಿಲ್ಲ. ಅದು ನನ್ನನ್ನು ಇನ್ನಷ್ಟು ಉರಿಸಿತು. ಹನ್ನೆರಡರ ಆ ಹುಡುಗಿಯನ್ನು ಬಾಗಿಲ ಮರೆಯ ಕತ್ತಲಲ್ಲಿ ನಿಲ್ಲಿಸಿದ್ದ. ಆದರೂ ನನಗೆ ಕಂಡಿತು. ಅವಳಿಗೂ ಸಿಡುಬು ಬಂದುಹೋಗಿತ್ತು.

“ಗುರುತಿನ ಚಿಹ್ನೆ ಬರೀಬೇಕ್ರಿ. ಏನು ಬರೀಲಿ?” ಅಂದೆ.

“ಮೊಣಕೈ ಮ್ಯಾಲೆ ಮಚ್ಚಿ ಐತ್ರಿ ಅಕ್ಕೋರ, ಅದನ್ನ ಬರಕೊಳ್ರಿ. ಮುಖದ್ದು ಬ್ಯಾಡ್ರಿ. ನಾಳೆ ಲಗ್ನ ಆಗೋ ಹುಡುಗಿ.”

ನಾನು ಹುಡುಗಿಯನ್ನು ಹತ್ತಿರ ಕರೆದೆ. “ಸ್ವಲ್ಪ ಕಿಟಕಿ ಕಡೆ ಮುಖ ಮಾಡವ್ವ.”

ಅವಳು ತಿರುಗಿದಳು. ನಾನು ಅವನ ಕಡೆ ನೋಡಿದೆ. “ಇದಕ್ಕ ಇಂಗ್ಲಿಷಿನ್ಯಾಗ ಒಂದು ಶಬ್ದ ಐತಲ್ರಿ. ಕಂಪ್ಲ್ಯಾಗ, ಅಕ್ಕಿ ಅಂಗಡಿಯವರ ಮನ್ಯಾಗ, ನಿಮ್ಮ ಭಾವಗ ಹೇಳಿದ್ರಿ. ಇನ್ನೊಮ್ಮೆ ಹೇಳ್ರಿ.”

ಅವನ ಮುಖದ ರಕ್ತವೆಲ್ಲ ಇಳಿಯಿತು. ಸುಳ್ಳೇಕೆ ಹೇಳಲಿ, ಹಸಿದವಳ ಮುಂದೆ ಎಲೆ ಹಾಕಿದಂತಾಯಿತು ನನಗೆ. ಪೆನ್ನು ಹಿಡಿದು ಕಾದು ಕುಳಿತೆ. ಹಿಂದೆ ಇನ್ನೂ ನಾಲ್ಕು ಜನ ಮಕ್ಕಳನ್ನು ಕರೆದುಕೊಂಡು ನಿಂತಿದ್ದರು. ಅವನು ತುಟಿಯಲ್ಲೇ ಏನೋ ಅಂದ.

“ಜೋರಾಗಿ ಹೇಳ್ರಿ, ಕೇಳ್ಸಲಿಲ್ಲ.”

“ಪಾಕ್‌ಮಾರ್ಕ್ಡ್,” ಅಂದ.

ನಾನು ರಿಜಿಸ್ಟರಿನಲ್ಲಿ ಮೊಣಕೈಯ ಮಚ್ಚೆಯನ್ನೇ ಬರೆದೆ. ನನಗೆ ಬೇಕಿದ್ದುದು ಅವನ ಬಾಯಿಂದ ಆ ಶಬ್ದ ಬರುವುದಷ್ಟೇ, ಬಂದಾಗಿತ್ತು. ಎದ್ದು ಹೊರಡುವಾಗ ಹುಡುಗಿ ಅವನ ತೋಳು ಹಿಡಿದಳು.

“ಅಪ್ಪಾ, ಹಂಗಂದ್ರ ಏನು?”

ಅವನು ನನ್ನ ಕಡೆ ನೋಡಿದ. ಬೇಡಿಕೊಳ್ಳುವ ಕಣ್ಣು. ಏನೂ ಇಲ್ಲವ್ವ, ಅಮ್ಮ ಆಡಿ ಹೋದ ಗುರುತು, ಅಂತ ನಾನು ಅನ್ನಬಹುದಿತ್ತು. ಬಾಯಿಗೂ ಬಂದಿತ್ತು. ಅನ್ನಲಿಲ್ಲ.

“ನಿಮ್ಮಪ್ಪಾರನ್ನೇ ಕೇಳವ್ವ,” ಅಂದೆ. “ಅವರಿಗೆ ಭಾಳ ವರ್ಷದಿಂದ ಗೊತ್ತೈತಿ.”

ಅವನು ಅವಳನ್ನು ಬಾಗಿಲ ಕಡೆ ನಡೆಸಿದ. ಅರ್ಥ ಹೇಳಬೇಕಾಗಿಯೂ ಇರಲಿಲ್ಲ. ಹುಡುಗಿಯ ಕೈ ಆಗಲೇ ಕೆನ್ನೆಗೆ ಹೋಗಿತ್ತು.