ಗುರುದತ್ತನ ಬೂಟಿಗೆ ಒಂದು ಹಿಡಿ ಅಕ್ಕಿ

ಒಲೆ ಆರಿಸಿದ್ದೇನೋ ಇಲ್ಲವೋ ಎಂದು ಮೂರು ಸಲ ನೋಡದೆ ವೇದಾ ಮನೆ ಬಿಟ್ಟವಳಲ್ಲ. ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ ಇಪ್ಪತ್ತೆರಡು ವರ್ಷ ಔಷಧದಂಗಡಿಯಲ್ಲಿ ದುಡಿದವಳು. ಮಾತ್ರೆ ಎಣಿಸಿ ಡಬ್ಬಿಗೆ ಹಾಕಿದ ಮೇಲೂ ಮತ್ತೊಮ್ಮೆ ಸುರಿದು ಎಣಿಸುವ ಸ್ವಭಾವ. ಅಂಥವಳಿಗೆ ಗಂಡನಾಗಿ ಗಂಟುಬಿದ್ದವನು ಗುರುದತ್ತ.

ಪ್ರತಿ ಆಗಸ್ಟ್ ಕೊನೆಗೆ ಅವನು ನೆವಾಡಾದ ಮರುಭೂಮಿಗೆ ಹೊರಟುಬಿಡುತ್ತಿದ್ದ. ಅಲ್ಲಿ ಸಾವಿರಾರು ಜನ ಸೇರಿ ಒಂದು ವಾರದ ಮಟ್ಟಿಗೆ ಊರು ಕಟ್ಟುತ್ತಾರೆ, ದೊಡ್ಡ ದೊಡ್ಡ ಕಲಾಕೃತಿ ನಿಲ್ಲಿಸುತ್ತಾರೆ, ಕೆಲವನ್ನು ಸುಡುತ್ತಾರೆ, ಕಡೆಗೆ ನೆಲದ ಮೇಲೊಂದು ಚೂರೂ ಉಳಿಯದಂತೆ ಹೆಕ್ಕಿಕೊಂಡು ಮನೆಗೆ ಹೋಗುತ್ತಾರೆ. ಮಾರುವುದಿಲ್ಲ, ಕೊಳ್ಳುವುದಿಲ್ಲ, ಹಂಚುವುದಷ್ಟೆ. ಗುರುದತ್ತ ಫಿಲ್ಟರ್ ಕಾಫಿ ಹಂಚುತ್ತಿದ್ದ. ಮನೆಯಲ್ಲಿ ಕುಡಿದ ಲೋಟ ತೊಳೆಯದ ಪುಣ್ಯಾತ್ಮ! ಬಿಳಿ ಧೂಳು ಮೆತ್ತಿದ ಅವನ ಬೂಟುಗಳನ್ನು ವೇದಾ ಗರಾಜಿನಿಂದ ಒಳಗೆ ಬಿಟ್ಟುಕೊಂಡವಳೇ ಅಲ್ಲ.

2021ರ ಜನವರಿಯಲ್ಲಿ ಕೋವಿಡ್ ಅವನನ್ನು ಒಯ್ದಿತು. ಹೆಣದ ಚೀಲದ ಜಿಪ್ ತೆಗೆಯುವಂತಿರಲಿಲ್ಲ. ಬಂಧುಬಳಗ ಫೋನಿನ ಪರದೆಯೊಳಗಿತ್ತು. ಸಾಲಾಗಿ ಬಂದು ಬಾಯಿಗೆ ಅಕ್ಕಿಕಾಳು ಹಾಕುವವರಿರಲಿ, ಕಟ್ಟಿಕೊಂಡವಳಿಗೂ ಹಾಕಲಾಗಲಿಲ್ಲ. ಕೋಟಿನ ಜೇಬಿನಲ್ಲಿ ಒಯ್ದ ಒಂದು ಹಿಡಿ ಅಕ್ಕಿ ಹಾಗೇ ಮನೆಗೆ ವಾಪಸು ಬಂತು. ಬೇಯಿಸುವಂತಿಲ್ಲ, ಎಸೆಯುವಂತಿಲ್ಲ. ಅವನು ಹಸಿದುಕೊಂಡೇ ಹೋದ ಎಂಬ ಸಂಕಟಕ್ಕೆ ಅವಳ ನಿದ್ದೆ ಕೆಟ್ಟಿತು.

ಮರುವರ್ಷದ ಬೇಸಿಗೆಯಲ್ಲಿ ಗುರುದತ್ತನ ಕಾಫಿ ಡೇರೆಯ ಗೆಳತಿ ಡೋರಾ ಫೋನ್ ಮಾಡಿದಳು. ಗ್ರೀನ್‌ಬೆಲ್ಟಿನಲ್ಲಿ ಸ್ಕೂಲ್ ಬಸ್ ಓಡಿಸಿ ನಿವೃತ್ತಳಾದವಳು. ಮರುಭೂಮಿಯಲ್ಲಿ ಮರದ ಗುಡಿಯೊಂದನ್ನು ಕಟ್ಟುತ್ತಾರೆ, ತೀರಿಕೊಂಡವರ ವಸ್ತುಗಳನ್ನು ಅದರಲ್ಲಿಟ್ಟು ಕಡೆಯ ದಿನ ಗುಡಿಯನ್ನೇ ಸುಡುತ್ತಾರೆ, ಅವನದೇನಾದರೂ ತೆಗೆದುಕೊಂಡು ಬಾ ಎಂದಳು. ವೇದಾಳ ಕಣ್ಣು ಮೊದಲು ಬೂಟುಗಳ ಮೇಲೆ ಬಿತ್ತು, ಆಮೇಲೆ ಅಕ್ಕಿಯ ಮೇಲೆ.

"ಅಲ್ಲಿ ಬಟ್ಟೆ ಹಾಕ್ಕೊಳ್ದೇ ಓಡಾಡ್ತಾರಂತೆ ಕಣೇ!" ಎಂದು ಲ್ಯಾನ್‌ಹ್ಯಾಮಿನ ದೇವಸ್ಥಾನದಲ್ಲಿ ಸಿಕ್ಕ ನಳಿನಿ ಆಂಟಿ ಕೆನ್ನೆಗೆ ಬಡಿದುಕೊಂಡರು. ಮಗಳು ಚೈತನ್ಯಾ, "ಅಮ್ಮಾ, ಆರ್ ಯು ಶೂರ್? ನಿಂಗೆ ಡಸ್ಟ್ ಆಗಲ್ಲ" ಎಂದಳು.

ವೇದಾಳ ಭಯ ಬೇರೆಯೇ ಇತ್ತು. ಡೋರಾ ಕಳಿಸಿದ ಪಟ್ಟಿಯಲ್ಲಿ ತರಬಾರದ್ದನ್ನೆಲ್ಲ ಬರೆದಿತ್ತು. ಮಿಣುಕುಪುಡಿ, ಹಕ್ಕಿಯ ಗರಿ, ನೆಲಕ್ಕೆ ಉದುರುವ ಸಣ್ಣ ಯಾವುದೂ ಕೂಡದು. ಅಕ್ಕಿಯ ಹೆಸರಿರಲಿಲ್ಲ. ಕೇಳೋಣವೆಂದರೆ, ಬೇಡ ಅಂದುಬಿಟ್ಟರೆ? ಕೇಳಲಿಲ್ಲ. ಅಕ್ಕಿಯನ್ನು ಪುಟ್ಟ ಬಟ್ಟೆಚೀಲಕ್ಕೆ ಕಟ್ಟಿ ಜೇಬಿಗಿಳಿಸಿದಳು; ಡಲ್ಲಸ್ ವಿಮಾನನಿಲ್ದಾಣದ ತಪಾಸಣೆಯಲ್ಲಿ ಬಿಚ್ಚಿಸಿಯಾರೆಂದು ಹೆದರಿದಳು. ಮರುಭೂಮಿಯ ಕಾಫಿ ಡೇರೆಯಲ್ಲಿ ಎಲ್ಲರೂ ಅವಳ ಗಂಡನ ಕಾಫಿಯನ್ನು ಹೊಗಳುತ್ತಿದ್ದರೆ ಇವಳ ಕೈ ಮತ್ತೆ ಮತ್ತೆ ಜೇಬು ಮುಟ್ಟಿ ನೋಡುತ್ತಿತ್ತು.

ಬೆಳಿಗ್ಗೆ ಗುಡಿಗೆ ಹೋದಾಗ ಗಾಳಿಯಿತ್ತು. ಗೋಡೆಗಳ ತುಂಬ ಫೋಟೋ, ಕಾಗದ, ಮಕ್ಕಳ ಬಟ್ಟೆ. ಯಾರೂ ಮಾತಾಡುತ್ತಿರಲಿಲ್ಲ. ವೇದಾ ಬೂಟುಗಳನ್ನಿಟ್ಟು, ಯಾರಾದರೂ ನೋಡಿಯಾರೆಂದು ಅವಸರದಲ್ಲಿ ಚೀಲ ಬಿಚ್ಚಿ, ಸೇರಿನಿಂದ ಅಳೆದು ಸುರಿಯುವವಳಂತೆ ಮೇಲಿನಿಂದ ಸುರಿದಳು. ಗಾಳಿ ಬೀಸಿತು. ಬೂಟಿಗೆ ಒಂದು ಕಾಳೂ ಬೀಳಲಿಲ್ಲ. ಅಷ್ಟೂ ಅಕ್ಕಿ ಬಿಳಿ ಧೂಳಿನ ಮೇಲೆ ಚೆಲ್ಲಾಡಿತು.

ಗುಡಿ ಕಾಯುವ ಮುದುಕನೊಬ್ಬ ಹತ್ತಿರ ಬಂದ. "ಅಮ್ಮಾ, ಇಲ್ಲಿ ನೆಲದ ಮೇಲೆ ಏನನ್ನೂ ಬಿಡುವಂತಿಲ್ಲ" ಎಂದ, ಮೆಲ್ಲಗೆ. ಎರಡನೇ ಸಲವೂ ಕೈತಪ್ಪಿತು! ವೇದಾ ಮಂಡಿಯೂರಿ, ಕಣ್ಣೀರಿನಲ್ಲಿ ಏನೂ ಕಾಣದೆ ಕೈಯಾಡಿಸತೊಡಗಿದಳು. ಬಾಯಿಗೆ ಬಂದ ಇಂಗ್ಲಿಷಿನಲ್ಲಿ ಎಲ್ಲ ಹೇಳಿಬಿಟ್ಟಳು. ಹೆಣದ ಚೀಲ, ಜಿಪ್, ಬಾಯಿಗೆ ಹಾಕದ ಅಕ್ಕಿ.

ಮುದುಕನೂ ಮಂಡಿಯೂರಿದ. ಡೋರಾ ಕೂತಳು. ಮೈಗೆಲ್ಲ ನೀಲಿ ಬಳಿದುಕೊಂಡ ಹುಡುಗಿಯೊಬ್ಬಳು ಕೂತಳು. ಗುರುತಿಲ್ಲದವರು ಬಂದು ಬಂದು ಕೂತರು. ಇಪ್ಪತ್ತು ಮೂವತ್ತು ಜನ ಉಗುರಿನ ತುದಿಯಿಂದ ಒಂದೊಂದೇ ಕಾಳು ಎತ್ತಿದರು. ಬಿಸಿಲು ಏರಿದರೂ ಒಬ್ಬರೂ ಎದ್ದು ಹೋಗಲಿಲ್ಲ.

ಡೋರಾ ತನ್ನ ಪಾಲಿನ ಅಕ್ಕಿಯನ್ನು ವೇದಾಳ ಕೈಗೆ ಸುರಿಯಲು ಬಂದಳು. ವೇದಾ ಕೈ ಹಿಂದಕ್ಕೆಳೆದುಕೊಂಡಳು.

"ನನಗಲ್ಲ. ನೀವೇ ಹಾಕಿ, ಅವರಿಗೆ."

ಅವರು ಸಾಲು ನಿಂತರು. ಒಬ್ಬೊಬ್ಬರೇ ಬಗ್ಗಿ ಬೂಟಿನೊಳಗೆ ಅಕ್ಕಿ ಹಾಕಿ ಸರಿದರು. ನೀಲಿ ಹುಡುಗಿ ಅಳುತ್ತಿದ್ದಳು. ಗುಡಿ ಕಾಯುವವನು ಟೋಪಿ ತೆಗೆದು, ಅಕ್ಕಿ ಹಾಕಿದ. ಕಡೆಗೆ ವೇದಾ ತನ್ನ ಹಿಡಿಯನ್ನು ತೀರ ಹತ್ತಿರ ಒಯ್ದು, ಒಂದೂ ಹೊರಗೆ ಬೀಳದಂತೆ ಹಾಕಿ, "ಊಟ ಆಯ್ತೇನ್ರೀ?" ಎಂದು ಕೇಳಿದಳು.

ಆಮೇಲೆ ನೆಲವನ್ನು ಮೂರು ಸಲ ನೋಡಿ ಎದ್ದಳು.