ಬಡಗಿಯ ಮಗಳ ಬಾಗಿಲು

ಅವಳನ್ನು ನಾನು ಮೊದಲು ನೋಡಿದ ದಿನ ಅವಳ ಕೈಯಲ್ಲಿ ಕಂಬಳಿ ಇತ್ತು, ಮುಖದ ಮೇಲೆ ಮಾಸ್ಕ್ ಇತ್ತು. ಕಾಯಿಲೆಯ ಕಾಲ ಮುಗಿದು, ಬೀದಿಯವರೆಲ್ಲ ಮಾಸ್ಕ್ ಬಿಸಾಕಿ ಬಹಳ ದಿನವಾಗಿತ್ತು. ಆ ಕಟ್ಟಡದ ಕೆಳಗಿನ ಕೋಣೆಗೆ ನಾನು ಹೊಲಿಗೆ ಯಂತ್ರ ತಂದು ಇನ್ನೂ ಒಂದು ವಾರವೂ ಆಗಿರಲಿಲ್ಲ. ಅವಳು ಹೊಸ್ತಿಲಾಚೆಯೇ ನಿಂತಳು.

"ಅಜ್ಜಿ, ಇದನ್ನ ಪರದೆ ಮಾಡಿಕೊಡ್ತೀರಾ? ಆಚೆಯಿಂದ ಏನೂ ಕಾಣಬಾರದು."

"ಇಷ್ಟು ದಪ್ಪದ ಪರದೆ ಯಾವ ಕಿಟಕಿಗೆ ತಾಯಿ?"

"ಕಿಟಕಿಗಲ್ಲ, ಬಾಗಿಲಿಗೆ. ನಮ್ಮಪ್ಪ ಬಾಗಿಲು ಕಿತ್ತು ಹಾಕಿದ್ದಾರೆ."

ಅವಳ ಅಪ್ಪ ಬಡಗಿ. ಮೇಲಿನ ಮಹಡಿಯಲ್ಲಿ ಮನೆ, ಬೀದಿಯ ಕೊನೆಯಲ್ಲಿ ಕೆಲಸದ ಶೆಡ್ಡು. ನಮ್ಮ ಬೀದಿಯ ಅರ್ಧ ಬಾಗಿಲುಗಳು ಅವನ ಕೈಯಲ್ಲೇ ಆದವು.

ನಡೆದದ್ದನ್ನು ಅವಳ ತಾಯಿ, ಅಂಗಿಗೆ ಗುಂಡಿ ಹಾಕಿಸಲು ಬಂದಾಗ ಹೇಳಿದಳು. ಶಾಲೆ ಮುಚ್ಚಿದಾಗ ಹುಡುಗಿಗೆ ಹದಿಮೂರು. ಮೆಟ್ಟಿಲು ಇಳಿಯುವುದೆಂದರೆ ಕಂಬಿಯ ಮೇಲೆ ಜಾರುವುದು ಎಂದುಕೊಂಡಿದ್ದವಳು. ಆಮೇಲೆ ಪಾಠವೆಲ್ಲ ಫೋನಿನಲ್ಲಿ. ಅದೇ ನಡುಮನೆಯಲ್ಲಿ ಕೆಲಸವಿಲ್ಲದ ಅಪ್ಪ, ಗದರುವ ಅಮ್ಮ, ಕೆಮ್ಮುವ ಅಜ್ಜಿ. ಒಂದು ಮಧ್ಯಾಹ್ನ ತಲೆಯಿಂದ ಪಾದದವರೆಗೆ ಮುಚ್ಚಿಕೊಂಡವರು ಬಂದು ಅಜ್ಜಿಯನ್ನು ಕರೆದೊಯ್ದರು. ಅಜ್ಜಿ ತಿರುಗಿ ಬರಲಿಲ್ಲ. ಮುಖ ನೋಡಲೂ ಬಿಡಲಿಲ್ಲ. ಶಾಲೆ ತೆರೆದ ದಿನ ಹುಡುಗಿ ಗೇಟಿನವರೆಗೆ ಹೋಗಿ ವಾಪಸ್ ಬಂದಳು. ಅಷ್ಟು ಜನ ಒಟ್ಟಿಗೆ ಉಸಿರಾಡುವುದನ್ನು ಕಂಡು ಕಾಲೇ ಏಳಲಿಲ್ಲವಂತೆ. ಬಂದವಳು ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ತಟ್ಟೆಯನ್ನು ಬಾಗಿಲಲ್ಲಿಟ್ಟರೆ ಒಮ್ಮೊಮ್ಮೆ ಖಾಲಿಯಾಗುತ್ತಿತ್ತು, ಒಮ್ಮೊಮ್ಮೆ ಇಲ್ಲ.

ಆ ದಿನಗಳಲ್ಲೇ ಅವಳ ತರಗತಿಯ ಇನ್ನೊಬ್ಬ ಹುಡುಗಿ ಹೀಗೇ ಬಾಗಿಲು ಹಾಕಿಕೊಂಡಿದ್ದಳು. ಒಡೆದು ತೆಗೆದಾಗ ಜೀವ ಇರಲಿಲ್ಲ. ಸುದ್ದಿ ಕೇಳಿದ ಸಂಜೆ ಬಡಗಿ ಯಾರೊಡನೆಯೂ ಮಾತಾಡದೆ ಮಗಳ ಕೋಣೆಯ ಬಾಗಿಲ ಕೀಲಿನ ಸ್ಕ್ರೂಗಳನ್ನೆಲ್ಲ ಬಿಚ್ಚಿದ. ಅಷ್ಟಕ್ಕೇ ಬಿಡದೆ ಆ ಬಾಗಿಲನ್ನು ಕೊಯ್ದು ಗಿರಾಕಿಯೊಬ್ಬರ ಮೇಜಿಗೆ ಹಾಕಿಬಿಟ್ಟ.

ಅವನ ಭಯ ನನಗೆ ಅರ್ಥವಾಯಿತು. ಬಟ್ಟೆ ಬದಲಾಯಿಸಲೂ ಮರೆಯಿಲ್ಲದ ಹುಡುಗಿಯ ಸಿಟ್ಟೂ ಅರ್ಥವಾಯಿತು. ಪರದೆ ಹೊಲಿದುಕೊಟ್ಟೆ. ಮರುದಿನವೇ ಬಡಗಿ ಅದನ್ನು ತಂದು ನನ್ನ ಯಂತ್ರದ ಮೇಲೆ ಎಸೆದ.

"ನಮ್ಮನೆ ವಿಷಯ ನಿಮಗ್ಯಾಕಮ್ಮ?"

"ಅವಳು ಕೇಳಿದಳು, ಹೊಲಿದೆ. ನೀನು ಕೇಳಿದ್ರೆ ನಿನಗೂ ಹೊಲೀತಿದ್ದೆ."

"ನಾಳೆ ಏನಾದ್ರೂ ಹೆಚ್ಚುಕಡಿಮೆಯಾದ್ರೆ?"

ಮೆಟ್ಟಿಲ ಮೇಲಿಂದ ಹುಡುಗಿಯ ದನಿ ಬಂತು. "ಅಪ್ಪ, ನಾನು ಸಾಯೋಕೆ ಬಾಗಿಲು ಕೇಳ್ತಿಲ್ಲ. ಅಳೋಕೆ ಕೇಳ್ತಿದೀನಿ. ನಿಮ್ಮೆದುರು ಅತ್ರೆ ಅಮ್ಮನೂ ಅಳ್ತಾಳೆ. ಆಮೇಲೆ ನಾನೇ ಕೂತು ಅವಳನ್ನ ಸಮಾಧಾನ ಮಾಡಬೇಕು."

"ಅಳೋದಕ್ಕೆ ಏನಿದೆ ಈಗ? ಎಲ್ಲಾ ಮುಗೀತಲ್ಲ!"

"ನಿಮಗೆ ಮುಗೀತು."

ಬಡಗಿ, "ಬಾಗಿಲು ಬೇಕಾದ್ರೆ ನೀನೇ ಮಾಡ್ಕೋ ಹೋಗು" ಎಂದು ರೇಗಿ ಹೊರಟುಹೋದ. ಮನೆಯ ಮೆಟ್ಟಿಲು ದಾಟದವಳು ಬೀದಿ ದಾಟಿ ಶೆಡ್ಡಿಗೆ ಎಲ್ಲಿ ಬಂದಾಳು ಎಂಬ ಧೈರ್ಯ ಅವನಿಗೆ.

ಮರುದಿನ ಬೆಳಿಗ್ಗೆ ಅವಳು ಹೊರಟಳು. ನನ್ನ ಯಂತ್ರ ಕಿಟಕಿಯ ಪಕ್ಕದಲ್ಲೇ ಇದ್ದುದರಿಂದ ಎಲ್ಲ ಕಂಡಿತು. ಗೋಡೆಗೆ ಅಂಗೈ ಒತ್ತಿ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ಎಳೆದುಕೊಂಡು ಹೋದಳು. ಹಗಲು ಹೊರಬಾರದ ಅವಳಿಗೆ ಬೀದಿಯವರು ಗೂಬೆ ಎಂದು ಹೆಸರಿಟ್ಟಿದ್ದರು. ಎದುರಿನ ಕ್ಷೌರದ ಅಂಗಡಿಯವನು ಬಿಡುತ್ತಾನೆಯೇ?

"ಓಹೋ, ಗೂಬೆ ಹಗಲಲ್ಲೂ ಹಾರುತ್ತೆ!"

"ಹೂಂ ಮಾವ, ಹಗಲಲ್ಲಿ ಕಣ್ಣೂ ಕಾಣುತ್ತೆ. ಕುರ್ಚಿಲಿರೋರ ಎಡಗಡೆ ಮೀಸೆ ಗಿಡ್ಡ ಆಗಿದೆ, ನೋಡ್ಕೊಳ್ಳಿ."

ಕುರ್ಚಿಯಲ್ಲಿದ್ದವನು ಗಾಬರಿಯಾಗಿ ಕನ್ನಡಿ ಕೇಳಿದ.

ಶೆಡ್ಡಿನಲ್ಲಿ ಅಪ್ಪ ಬೆನ್ನು ತಿರುಗಿಸಿ ಕೂತನಂತೆ. ಅವಳು ಕೊಯ್ದ ಮೊದಲ ಹಲಗೆ ಸೊಟ್ಟಗಾಯಿತು, ಎರಡನೆಯದೂ ಸೊಟ್ಟ. ಗರಗಸದ ಸದ್ದು ಕೇಳಲಾರದೆ ಕೊನೆಗೆ ಅವನೇ, ಮುಖ ತೋರಿಸದೆ, "ಕತ್ತು ಹಿಸುಕಿದ ಹಾಗೆ ಹಿಡೀಬೇಡ, ಹಿಡಿ ಸಡಿಲ ಬಿಡು" ಎಂದ. ಕೆಲವು ದಿನ ಅವಳು ಹಾಸಿಗೆ ಬಿಟ್ಟೇ ಏಳುತ್ತಿರಲಿಲ್ಲ. ಆಗ ಅರ್ಧ ಬಾಗಿಲು ಗೋಡೆಗೆ ಒರಗಿ ನಿಂತಿರುತ್ತಿತ್ತು. ಅವನು ಅದರ ಧೂಳು ಒರೆಸುತ್ತಿದ್ದ, ಆದರೆ ಒಂದು ಮೊಳೆಯನ್ನೂ ಹೊಡೆಯಲಿಲ್ಲ.

ನಡುವೆ ತಾಯಿ ಅವಳನ್ನು ಆಸ್ಪತ್ರೆಯ ಮನೋವೈದ್ಯೆಯ ಹತ್ತಿರ ಕರೆದೊಯ್ದಳು. ಇದು ಸೊಕ್ಕಲ್ಲ, ಕಾಯಿಲೆ. ಔಷಧಿ ಇದೆ, ಮಾತೂ ಬೇಕು, ನಿಧಾನವಾಗಿ ಇಳಿಯುತ್ತದೆ ಎಂದರಂತೆ ಆಕೆ. ಬಾಗಿಲು ಬೇಡ ಅನ್ನಬೇಡಿ, ಆಚೆಯಿಂದಲೂ ತೆಗೆಯುವಂತಿರಲಿ ಎಂದೂ ಹೇಳಿದರಂತೆ.

ಆ ಮಾತಿನ ಮೇಲೆ ಹುಡುಗಿ ಕಬ್ಬಿಣದ ಚಿಲಕ ಬಿಟ್ಟು ಮರದ ಪಟ್ಟಿಯದನ್ನು ಮಾಡಿದಳು. ಎತ್ತಿದರೆ ತೆರೆಯುತ್ತದೆ, ಬಿಟ್ಟರೆ ಕೊಕ್ಕೆಯೊಳಗೆ ಬೀಳುತ್ತದೆ. ಪಟ್ಟಿಗೆ ದಾರ ಕಟ್ಟಿ, ಬಾಗಿಲಿಗೆ ತೂತು ಕೊರೆದು ಆಚೆ ಬಿಡಬೇಕು; ಆಚೆಯಿಂದ ಎಳೆದರೆ ಪಟ್ಟಿ ಮೇಲೇಳುತ್ತದೆ. ದಾರ ಕೇಳಲು ನನ್ನ ಹತ್ತಿರ ಬಂದಳು. ಕೋಟಿನ ಗುಂಡಿಗೆ ಹಾಕುವ ದಾರವನ್ನೇ ಹೊಸೆದು, ಮೇಣ ಉಜ್ಜಿ ಕೊಟ್ಟೆ. ಜಗ್ಗಿ ನೋಡಿ, "ಅಪ್ಪನ ಸಿಟ್ಟು ತಡೆಯುತ್ತೆ" ಎಂದಳು.

ಬಾಗಿಲು ನಿಲ್ಲಿಸಿದ ದಿನ ನನ್ನನ್ನೂ ಮೇಲಕ್ಕೆ ಕರೆದಳು. ಕೆಳಗೆ ಒಂದು ಬೆರಳು ನುಸುಳುವಷ್ಟು ಸಂದಿ ಇತ್ತು. ಅವಳೇ ಕಟ್ಟಳೆ ಹಾಕಿದಳು.

"ಮೊದಲು ತಟ್ಟಬೇಕು. ಮೂರು ಸಲ ತಟ್ಟಿದ್ರೂ ನಾನು ಓ ಅನ್ನದಿದ್ರೆ ಮಾತ್ರ ದಾರ ಎಳೀಬೇಕು. ಗೊತ್ತಾಯ್ತಾ ಅಪ್ಪ?"

ಒಳಗೆ ಹೋದಳು. ಚಿಲಕ ಬಿತ್ತು.

ಬಡಗಿ ಮರ ಪರೀಕ್ಷಿಸುವವನ ಹಾಗೆ ಬೆರಳ ಗೆಣ್ಣಿನಿಂದ ತಟ್ಟಿದ. ಸದ್ದಿಲ್ಲ. ಮತ್ತೆ ತಟ್ಟಿದ. ಸದ್ದಿಲ್ಲ. ಎಡಗೈಯ ಬೆರಳಿಗೆ ದಾರ ಸುತ್ತಿಕೊಂಡಿದ್ದ. ಬೆರಳ ತುದಿ ಬೆಳ್ಳಗಾಗಿತ್ತು. ತಾಯಿ ಗೋಡೆಗೆ ಒರಗಿದಳು. ಅವನು ನನ್ನ ಮುಖ ನೋಡಿದ. ನಾನು ಬಾಗಿಲ ಕಡೆ ನೋಡಿದೆ. ಮೂರನೆಯ ಸಲ ಅವನು ತಟ್ಟಿದ್ದು ನಮಗೇ ಕೇಳಿಸಲಿಲ್ಲ.

"ಓ" ಎಂದಳು ಒಳಗಿಂದ. "ಮೊದಲನೇ ಸಲಾನೇ ಕೇಳಿಸ್ತು. ನೀವು ತಾಳ್ತೀರಾ ಅಂತ ನೋಡಿದೆ."

"ಕತ್ತೆ! ನಿನ್ನ ಬಾಗಿಲಿಗೆ ಬೆಂಕಿ ಹಾಕ!" ಎಂದು ತಾಯಿ ಅಳುತ್ತಲೇ ನಕ್ಕಳು. ಬಡಗಿ ಬೆರಳಿಗೆ ಸುತ್ತಿದ್ದ ದಾರ ಬಿಚ್ಚಿದ.

ಈಗ ಅವಳು ಶಾಲೆಗೆ ಹೋಗುತ್ತಾಳೆ. ಹೋಗದ ದಿನಗಳೂ ಉಂಟು. ಮಾಸ್ಕ್ ಇನ್ನೂ ತೆಗೆದಿಲ್ಲ. ತೆಗೆ ಎಂದವರಿಗೆ, "ಮುಖ ನಂದು" ಅನ್ನುತ್ತಾಳೆ. ನನ್ನ ಹತ್ತಿರ ಮತ್ತೆ ಏನನ್ನೂ ಕೇಳಲು ಬಂದಿಲ್ಲ. ಕೊನೆಗೆ ಕೇಳಿದ್ದು ಬಾಗಿಲು ನಿಲ್ಲಿಸಿದ ಆ ದಿನವೇ. ಗಂಡ ಹೆಂಡತಿ ನೀರು ಕುಡಿಯಲು ಆಚೆ ಹೋದಾಗ, ಬಾಗಿಲ ಸಂದಿಗೆ ಬಾಯಿಟ್ಟು ಮೆಲ್ಲಗೆ ಕೇಳಿದಳು.

"ಅಜ್ಜಿ, ಅಪ್ಪನ ಕೈ ದಾರದ ಮೇಲೇ ಇತ್ತಾ?"